ಮೇಲೇಳದ ಚುಕ್ಕಿಗಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಆಪರೇಟರಮ್ಮ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ನೀರು ಬಿಡುವ ದೊಡ್ಡ ಕಚೇರಿ ಅದು. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಹೊರಗಿನಿಂದ ಬಂದ ಕರೆಗಳನ್ನು ಒಳಗಿನವರಿಗೆ ಜೋಡಿಸಿಕೊಡುವುದು ಅವಳ ಕೆಲಸ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಆದರೆ ಅಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ಮಾತಿಗೆ ಮುಂಚಿನ ಉಸಿರಿನಲ್ಲೇ ಇಂಥವರು ಎಂದು ಗುರುತು ಹಿಡಿಯುತ್ತಿದ್ದಳು. ಮೇಲಿನ ಮಹಡಿಯ ಎಂಜಿನಿಯರೊಬ್ಬರು ಮೂಗು ಹಿಡಿದುಕೊಂಡು, ದನಿ ಬದಲಿಸಿ ಅವಳನ್ನು ಏಮಾರಿಸಲು ನೋಡಿ ಪ್ರತಿ ಸಲವೂ ಸೋಲುತ್ತಿದ್ದರು. "ಮೂಗು ಬಿಡಿ ಸಾರ್, ಉಸಿರು ಕಟ್ಟೀತು" ಎಂದು ಅವಳು ಹೇಳಿದ್ದನ್ನು ಅವರೇ ಊರೆಲ್ಲ ಹೇಳಿಕೊಂಡು ನಗುತ್ತಿದ್ದರು.

ನಲವತ್ತು ದಾಟಿದ ಮೇಲೆ ಆ ಕಿವಿ ಮಂದವಾಗತೊಡಗಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಬಚ್ಚಲ ನಲ್ಲಿ ತೊಟ್ಟಿಕ್ಕುವುದು, ಹಾಲು ಉಕ್ಕುವಾಗಿನ ಸುಂಯ್ ಎನ್ನುವ ಸದ್ದು. ಆಮೇಲೆ ಮಾತಿನೊಳಗಿನ ಅಕ್ಷರಗಳು ಉದುರಿದವು. ಪೈಪು ಒಡೆದು ಮನೆಯೊಳಗೆ ನೀರು ನುಗ್ಗಿದೆ ಎಂದು ಬೊಬ್ಬೆ ಹೊಡೆಯುತ್ತಿದ್ದವರನ್ನು ಅವಳು ಒಂದು ದಿನ ರಜೆ ಅರ್ಜಿ ನೋಡುವ ವಿಭಾಗಕ್ಕೆ ಜೋಡಿಸಿಬಿಟ್ಟಳು. ಅವರು ಒದ್ದೆ ಪ್ಯಾಂಟಿನಲ್ಲೇ ಕಚೇರಿಗೆ ಬಂದು ಜಗಳವಾಡಿದರು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಆ ಮಧ್ಯಾಹ್ನವೇ ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಇನ್ನು ಬೋರ್ಡಿನ ಮುಂದೆ ಕೂರಲಾರೆ ಎಂದು ದೊಡ್ಡ ಸಾಹೇಬರಿಗೆ ಹೇಳಿ ಬಂದಳು. ನರವೇ ಸೊರಗಿದೆ, ಕಿವಿಗೆ ಯಂತ್ರ ಹಾಕಿದರೂ ಫಲವಿಲ್ಲ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು.

ಸಾಹೇಬರು ಒಳ್ಳೆಯವರು. ಜನ ಕಂಪ್ಯೂಟರಿನಲ್ಲಿ ಬರೆದು ಕಳಿಸುವ ದೂರುಗಳನ್ನು ಓದಿ ಉತ್ತರಿಸುವ ಕೆಲಸಕ್ಕೆ ಅವಳನ್ನು ಹಾಕಿದರು. ಓದಲು ಒಂದು ಸಾಧನ ತರಿಸಿಕೊಟ್ಟರು. ಮೊಳದುದ್ದದ ಚಪ್ಪಟೆ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ಸಣ್ಣ ಸಣ್ಣ ತೂತುಗಳು. ಕಂಪ್ಯೂಟರಿನ ಪರದೆಯ ಮೇಲಿನ ಸಾಲು ಅದರಲ್ಲಿ ಬ್ರೈಲ್ ಅಕ್ಷರವಾಗಿ ಏಳುತ್ತದೆ. ತೂತುಗಳಿಂದ ಚುಕ್ಕಿಗಳು ಮೇಲೆದ್ದು ಬೆರಳಿಗೆ ತಾಗುತ್ತವೆ, ಸಾಲು ಮುಗಿದರೆ ಅಡಗಿ ಮುಂದಿನ ಸಾಲು ಏಳುತ್ತದೆ. ಅವಳು ಅದನ್ನು ಚುಕ್ಕಿಪಟ್ಟಿ ಎಂದು ಕರೆದಳು. ಎರಡೇ ವರ್ಷದೊಳಗೆ ಕಿವಿ ಪೂರ್ತಿ ಮುಚ್ಚಿಹೋಯಿತು. ಆಗ ಲೋಕಕ್ಕೂ ಅವಳಿಗೂ ನಡುವೆ ಉಳಿದದ್ದು ಆ ಪಟ್ಟಿ ಮತ್ತು ಅವಳ ಅಂಗೈ.

ಅಂಗೈಯ ವಿಷಯ ಹೇಳಬೇಕು. ಚಿಕ್ಕವಳಿದ್ದಾಗ ಅವಳ ಅಕ್ಕ ಶಾಲೆಯಲ್ಲಿ ಕಲಿತು ಬಂದ ಅಕ್ಷರವನ್ನೆಲ್ಲ ಸಂಜೆ ತಂಗಿಯ ಅಂಗೈ ಮೇಲೆ ಬೆರಳಿನಿಂದ ಬರೆದು ಕಲಿಸಿದ್ದಳು. ಆಗ ಅದು ಆಟ. ಈಗ ಅದೇ ಆಸರೆಯಾಯಿತು. ಅವಳ ಮಾತು ಹೋಗಿರಲಿಲ್ಲ, ಅವಳು ಬಾಯಿಂದಲೇ ಮಾತಾಡುತ್ತಿದ್ದಳು. ಎದುರಿಗಿದ್ದವರು ಉತ್ತರವನ್ನು ಅವಳ ಅಂಗೈ ಮೇಲೆ ಬರೆಯಬೇಕಾಗಿತ್ತು. ಕಚೇರಿಯವರು ಬರೆಯುತ್ತಿದ್ದರು, ಇಲ್ಲವೆನ್ನಲಾಗದು. ಆದರೆ ಎಷ್ಟೆಂದು ಬರೆದಾರು? "ಸರಿ", "ನಾಳೆ", "ಚಹಾ ಬಂತು" ಇಷ್ಟಕ್ಕೇ ನಿಲ್ಲುತ್ತಿತ್ತು. ಮಧ್ಯಾಹ್ನ ಊಟದ ಮೇಜಿನಲ್ಲಿ ಯಾರೋ ತಮಾಷೆ ಮಾಡಿದರೆ ಮೇಜು ಅಲುಗುವುದು ಅವಳ ಮೊಣಕೈಗೆ ತಿಳಿಯುತ್ತಿತ್ತು. ಏನಂತೆ ಎಂದು ಕೇಳಿದರೆ ಪಕ್ಕದ ಮೇಜಿನ ಗುಮಾಸ್ತೆ ಪಾಪ ಬರೆಯಲು ಹೊರಡುತ್ತಿದ್ದಳು. ಅವಳು ಅರ್ಧ ಬರೆಯುವಷ್ಟರಲ್ಲಿ ಉಳಿದವರು ನಕ್ಕು, ಕೈ ತೊಳೆದು ಎದ್ದಿರುತ್ತಿದ್ದರು. ಕೊನೆಗೆ ಅವಳೇ ಕೇಳುವುದನ್ನು ಬಿಟ್ಟಳು.

ಅವಳ ಮನೆಯೆಂದರೆ ಬಾಡಿಗೆಯ ಒಂದು ಕೋಣೆ, ಹೊರಗಿನಿಂದ ಮೆಟ್ಟಿಲು. ಕೆಳಗೆ ಮನೆಯೊಡತಿ ಮತ್ತು ಅವರ ಮಗನ ಸಂಸಾರ. ಕೆಳಗಿನ ಬಾಗಿಲು ಬಡಿದರೆ ಅವಳ ಪಾದಕ್ಕೆ ಗೊತ್ತಾಗುತ್ತಿತ್ತು. ಮಂಚ, ಒಲೆ, ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಹಳೆಯ ಕಂಪ್ಯೂಟರು. ಚುಕ್ಕಿಪಟ್ಟಿ ಇದ್ದದ್ದು ಒಂದೇ. ಹಗಲು ಕಚೇರಿಯ ಕಂಪ್ಯೂಟರಿಗೆ, ಸಂಜೆ ಚೀಲದಲ್ಲಿಟ್ಟು ತಂದು ಮನೆಯದಕ್ಕೆ. ತಂದು ಚುಚ್ಚಿದ ಮೇಲೆ ಅಕ್ಕನ ಜೊತೆ ಬರಹದಲ್ಲೇ ಮಾತುಕತೆ. ಅಕ್ಕನ ಊರು ದೂರ, ಒಂದು ಹಗಲಿಡೀ ಬಸ್ಸಿನಲ್ಲಿ ಕೂರಬೇಕು. ಇಂದು ಹುಳಿಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿಂದ ಹಿಡಿದು ಪಕ್ಕದ ಮನೆಯವರ ಬೆಕ್ಕಿನ ಬಾಣಂತನದವರೆಗೆ ಎಲ್ಲವೂ ಬರುತ್ತಿತ್ತು. ದಿನದಲ್ಲಿ ಅವಳಿಗೆ ಹೊಟ್ಟೆ ತುಂಬ ಮಾತು ಸಿಗುತ್ತಿದ್ದದ್ದು ಆ ಒಂದು ಹೊತ್ತಿನಲ್ಲಿ.

ಅಕ್ಕನ ಗಂಡ, ಅವಳ ಭಾವ, ರೇಡಿಯೋ ಮಿಕ್ಸಿ ರಿಪೇರಿ ಮಾಡುವವನು. ಅಂಗೈ ಮೇಲೆ ಅವನದು ದಪ್ಪ ದಪ್ಪ ಅಕ್ಷರ. ಒತ್ತಕ್ಷರ ಬಂದರೆ ಅಂಗೈ ಸಾಲದೆ ಮಣಿಕಟ್ಟಿಗೆ ಇಳಿಯುತ್ತಿದ್ದ, ಅವಳು ಕಚಗುಳಿಗೆ ಕೈ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಬಂದವನು ಅವಳ ಮೆಟ್ಟಿಲ ಬುಡದ ಬಾಗಿಲಿನ ಕರೆಗಂಟೆಯಿಂದ ತಂತಿ ಎಳೆದು, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಮಾಡಿಕೊಟ್ಟಿದ್ದ. ಯಾರಾದರೂ ಗಂಟೆ ಒತ್ತಿದರೆ ಡಬ್ಬಿ ಗುರ್ರೆಂದು ನಡುಗುತ್ತದೆ. ಕೂತಾಗ ಕುರ್ಚಿಯ ದಿಂಬಿನ ಕೆಳಗೆ, ಮಲಗಿದಾಗ ತಲೆಯ ಹತ್ತಿರ. ಅದಕ್ಕೆ ಕರೆಂಟು ಕಂಪ್ಯೂಟರಿನಿಂದಲೇ, ಚುಕ್ಕಿಪಟ್ಟಿಯ ಪಕ್ಕದ ಯುಎಸ್‌ಬಿ ಕಿಂಡಿಯಿಂದ. ಡಬ್ಬಿ ಬದುಕಿದೆ ಎಂದು ನಾದಿನಿಗೆ ಗೊತ್ತಾಗಲಿ ಎಂದು, ಚಾಲೂ ಆದಾಗಲೆಲ್ಲ ಒಂದು ಸಲ ನಡುಗುವ ಹಾಗೂ ಮಾಡಿದ್ದ.

ತೊಂದರೆ ಕೊಡುತ್ತಿದ್ದದ್ದು ಚುಕ್ಕಿಪಟ್ಟಿಯೇ. ಅದರ ತಂತಿಯನ್ನು ಚುಚ್ಚಿದ ಕೂಡಲೇ ಕಂಪ್ಯೂಟರು ಅದಕ್ಕೊಂದು ಬಾಗಿಲ ಸಂಖ್ಯೆ ಕೊಡುತ್ತದೆ. ತಿಳಿದವರು ಅದನ್ನು ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಪಟ್ಟಿ ಇಂಥ ಸಂಖ್ಯೆಯಲ್ಲಿದೆ ಎಂದು ಓದಿಸುವ ತಂತ್ರಾಂಶಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ನಿನ್ನೆ ಮೂರರಲ್ಲಿದ್ದದ್ದು ಇಂದು ಬೇರೆ ಕಿಂಡಿಗೆ ಹೋಗಿ ಐದಾದರೆ, ತಂತ್ರಾಂಶ ಖಾಲಿ ಮೂರನ್ನೇ ತಟ್ಟುತ್ತ ಕೂರುತ್ತದೆ. ಚುಕ್ಕಿಗಳು ಏಳುವುದಿಲ್ಲ. ಕಣ್ಣಿದ್ದವರಾದರೆ ಪರದೆ ನೋಡಿ ಸಂಖ್ಯೆ ಬದಲಿಸಿಯಾರು. ಅವಳ ಬೆರಳಿಗೆ ಸಿಗುವುದು ನುಣ್ಣನೆಯ ಪ್ಲಾಸ್ಟಿಕ್ಕು. ಕಂಪ್ಯೂಟರು ಕೆಟ್ಟಿದೆಯೋ, ಕರೆಂಟು ಹೋಗಿದೆಯೋ, ಒಂದೂ ತಿಳಿಯದು.

ಕಚೇರಿಯಲ್ಲಿ ಕಸ ಗುಡಿಸುವವಳು ಮೇಜು ಒರೆಸುವಾಗ ತಂತಿಗಳನ್ನೆಲ್ಲ ಕಿತ್ತು, ಮುಗಿದ ಮೇಲೆ ಕಂಡ ಕಿಂಡಿಗೆ ಏನೋ ಒಂದನ್ನು ಚುಚ್ಚಿಡುತ್ತಿದ್ದಳು. ಆಗ ಕಂಪ್ಯೂಟರು ನೋಡಿಕೊಳ್ಳುವವನನ್ನು ಕರೆಸಬೇಕು. ಅವನಿಗೆ ಎಲ್ಲರೂ ಇಟ್ಟ ಹೆಸರು ರೀಸ್ಟಾರ್ಟ್. ಯಾವ ಕಾಯಿಲೆಗೂ ಅವನದು ಅದೊಂದೇ ಮದ್ದು. ಅವನು ಬಂದು ಸಂಖ್ಯೆ ಬದಲಿಸಿದರೆ ಚುಕ್ಕಿಗಳು ಏಳುತ್ತಿದ್ದವು. ಯಾಕೆ ಹೀಗಾಗುತ್ತದೆ ಎಂದು ಕೇಳಿದರೆ, ಹಾಗೇ ಆಗುತ್ತೆ ಎಂದು ಕೀಲಿಮಣೆಯಲ್ಲಿ ಬಡಿದು ಹೊರಟುಹೋಗುತ್ತಿದ್ದ. ಮನೆಯಲ್ಲಾದರೆ ಮನೆಯೊಡತಿಯ ಮಗನೇ ಗತಿ.

ಹೀಗಿರುವಾಗ ಒಂದು ಸಲ ಕಚೇರಿಗೆ ಸಾಲು ರಜೆ ಬಂತು. ಮನೆಯೊಡತಿ ಸಂಸಾರ ಸಮೇತ ಪರಊರಿಗೆ ಹೋದರು. ಭಾವನಿಗೆ ಎದೆನೋವು ಬಂದು ಆಸ್ಪತ್ರೆಯಲ್ಲಿದ್ದಾನೆ, ಹೆದರುವಂಥದ್ದೇನಿಲ್ಲವಂತೆ ಎಂದು ಅಕ್ಕ ಹಿಂದಿನ ದಿನವಷ್ಟೇ ಬರೆದಿದ್ದಳು. ರಜೆಯ ಮೊದಲ ದಿನ ನೆಲ ಒರೆಸುವಾಗ ಅವಳ ಕಾಲು ತಂತಿಗೆ ಸಿಕ್ಕಿ ಪಟ್ಟಿ ಕಳಚಿಕೊಂಡಿತು. ತಡಕಿ ಮತ್ತೆ ಚುಚ್ಚಿದಳು. ಚುಕ್ಕಿ ಏಳಲಿಲ್ಲ. ಇನ್ನೊಂದು ಕಿಂಡಿ, ಮತ್ತೊಂದು ಕಿಂಡಿ, ಹಿಂಬದಿಯ ಕಿಂಡಿ. ಯಾವುದರಲ್ಲೂ ಏಳಲಿಲ್ಲ, ಹಳೆಯ ಸಂಖ್ಯೆ ಬಿಟ್ಟು ಕಂಪ್ಯೂಟರು ಪ್ರತಿ ಸಲ ಹೊಸದೊಂದನ್ನು ಕೊಡುತ್ತಿತ್ತೇನೋ. ರೀಸ್ಟಾರ್ಟನ ಮದ್ದನ್ನೂ ಮಾಡಿ ನೋಡಿದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಕೋಲು ಹಿಡಿದು ಬೀದಿಯ ತಿರುವಿನ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಪರಿಚಯದವನೇ. ಒಂದು ಗಳಿಗೆ ಮನೆಗೆ ಬಂದು ಪರದೆ ನೋಡುವಿರಾ ಎಂದು ಕೇಳಿದಳು. ಅಂಗಡಿ ಬಿಟ್ಟು ಬರುವಂತಿಲ್ಲ ಎಂದು ಅವನು ಅಂಗೈ ಮೇಲೆ ಬರೆದ. ಅಕ್ಕನ ನಂಬರು ಹೇಳಿದಳು. ಅವನು ಫೋನು ಮಾಡಿ, ಯಾರೂ ಎತ್ತುತ್ತಿಲ್ಲ ಎಂದು ಬರೆದ. ಸಂಜೆ ಮತ್ತೆ ಹೋದಳು, ಆಗಲೂ ಎತ್ತಲಿಲ್ಲ. ಮರುದಿನ ಅಂಗಡಿಯ ಷಟರ್ ಎಳೆದಿತ್ತು, ತಣ್ಣನೆಯ ತಗಡು ಕೈಗೆ ಸಿಕ್ಕಿತು. ದಾರಿಹೋಕರನ್ನು ಕರೆಯೋಣವೆಂದರೆ ಯಾರು ಎದುರಿಗಿದ್ದಾರೆ, ಯಾರು ದಾಟಿ ಹೋದರು ಎಂದು ಗೊತ್ತಾಗಬೇಕಲ್ಲ. ಅವಳು ಎರಡು ಸಲ ಗಾಳಿಯೊಂದಿಗೆ ಮಾತಾಡಿ ಹಿಂದಿರುಗಿದಳು.

ಉಳಿದ ರಜೆಯನ್ನು ಕುರ್ಚಿಯಲ್ಲೇ ಕಳೆದಳು. ಕೈ ಪಟ್ಟಿಯ ಮೇಲೆ. ಕೆಳಗಿನ ಬಾಗಿಲು ಬಡಿಯುತ್ತಿರಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ಎಡಗೆನ್ನೆ ಮುಟ್ಟಿ, ಮೆಲ್ಲಗೆ ಭುಜಕ್ಕೆ ಇಳಿದು ಹೋಗುತ್ತಿತ್ತು. ಅದರಿಂದಲೇ ಹೊತ್ತು ತಿಳಿಯುತ್ತಿದ್ದದ್ದು. ಅನ್ನ ಮಾಡಿದಳು, ಉಣ್ಣಲಿಲ್ಲ. ಅಕ್ಕ ಬರೆಯುತ್ತಿದ್ದಾಳೆ, ತನ್ನ ಬೆರಳಿನ ಕೆಳಗೇ ಆ ಅಕ್ಷರಗಳು ಬಂದು ನಿಂತಿವೆ, ಆದರೂ ಸಿಗುತ್ತಿಲ್ಲ ಎನ್ನುವುದೇ ಅವಳನ್ನು ತಿನ್ನುತ್ತಿತ್ತು.

ಕಚೇರಿ ತೆರೆದ ದಿನ ಅವಳು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತಿದ್ದಳು. ಪಕ್ಕದ ಮೇಜಿನ ಗುಮಾಸ್ತೆ ಬಂದವಳು ಯಾರದೋ ಫೋನು ಎತ್ತಿದಳೆಂದು ಕಾಣುತ್ತದೆ. ತುಸು ಹೊತ್ತಾದ ಮೇಲೆ ಹತ್ತಿರ ಬಂದು ಅವಳ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ಬಹಳ ನಿಧಾನವಾಗಿ ಬರೆದಳು: ಭಾವ ಹೋದರು. ಎಲ್ಲ ಮುಗಿಯಿತಂತೆ. ಅಕ್ಕ ಫೋನ್ ಮಾಡಿದ್ದರು.

ಅವಳು ಅಳಲಿಲ್ಲ. ಪಟ್ಟಿಯನ್ನು ಕಚೇರಿಯ ಕಂಪ್ಯೂಟರಿಗೆ ಚುಚ್ಚಿ, ಅಲ್ಲೂ ಚುಕ್ಕಿ ಏಳದಿದ್ದಾಗ ರೀಸ್ಟಾರ್ಟನನ್ನು ಕರೆಸಲು ಹೇಳಿದಳು. ಈಗ ಇದೆಲ್ಲ ಯಾಕಮ್ಮ, ಬಸ್ಸಿಗೆ ಹೊರಡು ಎಂದು ಗುಮಾಸ್ತೆ ಬರೆದರೂ ಕೇಳಲಿಲ್ಲ. ಅವನು ಬಂದು ಸಂಖ್ಯೆ ಬದಲಿಸಿದ. ಚುಕ್ಕಿಗಳು ಎದ್ದವು. ಅಕ್ಕ ಬರೆದದ್ದೆಲ್ಲ ಒಂದರ ಹಿಂದೊಂದು ಬಂತು. ಉಸಿರಾಟ ಕಷ್ಟವಾಗಿದೆ. ಒಳಗೆ ಕರೆದೊಯ್ದರು. ನನ್ನನ್ನು ಹೊರಗೆ ಕೂರಿಸಿದ್ದಾರೆ. ಫೋನಿದ್ದ ಚೀಲ ಒಳಗೇ ಉಳಿದು ನಿನ್ನೆಯೆಲ್ಲ ಕೈಗೆ ಸಿಗಲಿಲ್ಲ, ಈಗ ತಂದುಕೊಟ್ಟರು. ನೀನೆಲ್ಲಿದ್ದೀಯ. ಇಲ್ಲಿ ಕುರ್ಚಿಗಳೆಲ್ಲ ಖಾಲಿ ಇವೆ. ನಿನ್ನ ಪಟ್ಟಿ ಮತ್ತೆ ಮುಷ್ಕರ ಹೂಡಿರಬೇಕು, ಬೇಜಾರು ಮಾಡಿಕೊಳ್ಳಬೇಡ. ಒಂದು ಸಾಲನ್ನೂ ಬಿಡದೆ ಓದಿ, ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟಳು. ಗುಮಾಸ್ತೆಯೂ ಜೊತೆಗೆ ಹೋದಳು.

ಅಕ್ಕನ ಮನೆಯಲ್ಲಿ ಅಕ್ಕತಂಗಿಯರು ಭಾವನ ರಿಪೇರಿ ಮೇಜಿನ ಬಳಿ ಕೂತರು. ಇಬ್ಬರಿಗೂ ಮಕ್ಕಳಿರಲಿಲ್ಲ, ಬಂದವರು ಬಂದು ಹೋಗಿದ್ದರು. ಮೇಜಿನ ಮೇಲೆ ಇನ್ನೂ ಬೆಸುಗೆಯ ಮೇಣದ ವಾಸನೆಯಿತ್ತು.

"ನಾನು ಅಲ್ಲೇ ಕೂತಿದ್ದೆ ಅಕ್ಕ. ಪಟ್ಟಿ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ" ಎಂದಳು ತಂಗಿ.

ಅಕ್ಕ ಅಂಗೈ ಮೇಲೆ ಬರೆದಳು: "ಗೊತ್ತು ಕಣೆ. ನೀನು ಓದ್ತಾ ಇಲ್ಲ ಅಂತ ಗೊತ್ತಿದ್ದೂ ಬರೀತಿದ್ದೆ. ಬೇರೆ ಯಾರಿಗೆ ಬರೀಲಿ?"

ಆಗ ಅವಳಿಗೆ ಅಳು ಬಂತು.

ಹಿಂದಿರುಗಿದ ಮೇಲೆ ಅವಳು ಒಂದು ಹಟ ಹಿಡಿದಳು. ಪಟ್ಟಿ ಯಾವ ಕಿಂಡಿಯಲ್ಲಿದ್ದರೂ ಕಂಪ್ಯೂಟರೇ ಅದನ್ನು ಹುಡುಕಿಕೊಳ್ಳಬೇಕು, ಸಂಖ್ಯೆ ಹೇಳಲು ಇನ್ನೊಬ್ಬರ ಕಣ್ಣು ಬೇಕಾಗಬಾರದು. ರೀಸ್ಟಾರ್ಟನನ್ನು ಕೇಳಿದಳು. ಅದಕ್ಕೆ ಸ್ಕ್ರಿಪ್ಟ್ ಬರೆಯಬೇಕು ಎಂದ ಅವನು. ಸ್ಕ್ರಿಪ್ಟ್ ಎಂದರೆ ಇದನ್ನು ಮಾಡು, ಆಮೇಲೆ ಇದನ್ನು ಮಾಡು ಎಂದು ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಡುವ ಅಪ್ಪಣೆ. ತನಗೂ ಅಷ್ಟಾಗಿ ಬಾರದು ಎಂದು ಒಪ್ಪಿಕೊಂಡ. ಆದರೆ ಅವತ್ತಿನ ಬೆಳಿಗ್ಗೆ ಅವಳು ಅಕ್ಕನ ಸಾಲುಗಳನ್ನು ಓದುತ್ತಿದ್ದಾಗ ಹಿಂದೆ ನಿಂತಿದ್ದವನು ಅವನು. ಕಲಿಯಲು ಬೇಕಾದ ಪಾಠಗಳನ್ನು ಹುಡುಕಿ ಅವಳ ಕಂಪ್ಯೂಟರಿಗೆ ಹಾಕಿಕೊಟ್ಟ. ಕಿಂಡಿ ಬದಲಾದರೂ ಸಾಧನದೊಳಗಿನ ಗುರುತು ಬದಲಾಗುವುದಿಲ್ಲ, ಅದನ್ನು ಹಿಡಿಯಿರಿ ಎಂದೂ ಹೇಳಿದ.

ಸಂಜೆಗಳು ಪಾಠಕ್ಕೆ ಹೋದವು. ಮೊದಮೊದಲು ಎಲ್ಲ ಅರ್ಧಂಬರ್ಧವೇ ತಿಳಿಯುತ್ತಿತ್ತು. ಒಂದು ಚಿಹ್ನೆ ತಪ್ಪಿದರೆ ಸ್ಕ್ರಿಪ್ಟು ಮುನಿಸಿಕೊಂಡು ನಿಲ್ಲುತ್ತಿತ್ತು. ಸಾಲಿನ ಮೊದಲಿಗೆ ಬಿಡಬೇಕಾದ ಖಾಲಿ ಜಾಗ ಮಾತ್ರ ಅವಳಿಗೆ ತಪ್ಪುತ್ತಿರಲಿಲ್ಲ, ಖಾಲಿ ಇದ್ದದ್ದು ಬೆರಳಿಗೆ ಮೊದಲು ಗೊತ್ತಾಗುತ್ತದೆ. ಕೊನೆಗೆ ಒಂದು ಸ್ಕ್ರಿಪ್ಟು ಸಿದ್ಧವಾಯಿತು. ಅದು ಕಂಪ್ಯೂಟರಿನ ಪೋರ್ಟುಗಳನ್ನೆಲ್ಲ ಒಂದೊಂದಾಗಿ ನೋಡಿ, ಪಟ್ಟಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಮಾಡಿದ ಕಾರ್ಖಾನೆಯ ಗುರುತು ಎಲ್ಲಿ ಸಿಕ್ಕಿತೋ ಆ ಸಂಖ್ಯೆಯನ್ನು ತಂತ್ರಾಂಶಕ್ಕೆ ಕೊಟ್ಟು, ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸ್ಕ್ರಿಪ್ಟು ಹೊರಡುವಂತೆ ಮಾಡಿಟ್ಟಳು.

ಇನ್ನು ಪರೀಕ್ಷೆ. ಪರೀಕ್ಷಿಸಬೇಕಾದರೆ ತಂತಿ ಕೀಳಬೇಕು. ಕೆಲಸ ಮಾಡುತ್ತಿರುವ ಪಟ್ಟಿಯನ್ನು ಕೈಯಾರೆ ಕೊಂದು, ಎದ್ದೀತೇ ಎಂದು ಕಾಯಬೇಕು. ಇವತ್ತು ಬೇಡ, ನಾಳೆ ಎಂದು ಅವಳು ಎಷ್ಟೋ ದಿನ ಮುಂದಕ್ಕೆ ಹಾಕಿದಳು. ರೀಸ್ಟಾರ್ಟನ ಮುಂದೆ ಮಾಡಬಹುದಿತ್ತು, ಆದರೆ ಮನೆಯಲ್ಲಿ ಅವನಿರುವುದಿಲ್ಲವಲ್ಲ. ಒಂದು ಭಾನುವಾರ ಬೆಳಿಗ್ಗೆ, ಪಟ್ಟಿ ಕೆಟ್ಟರೆ ಬರೆಯುವುದಿಲ್ಲ, ಗಾಬರಿಯಾಗಬೇಡ ಎಂದು ಅಕ್ಕನಿಗೆ ತಿಳಿಸಿ, ತಂತಿ ಕಿತ್ತಳು. ಬೇರೊಂದು ಕಿಂಡಿಗೆ ಚುಚ್ಚಿ, ಎರಡು ಕೀಲಿ ಒತ್ತಿದಳು.

ಚುಕ್ಕಿ ಏಳಲಿಲ್ಲ. ಅದೇ ಹೊತ್ತಿಗೆ ಕುರ್ಚಿಯ ದಿಂಬಿನ ಕೆಳಗೆ ಡಬ್ಬಿ ಗುರ್ರೆಂದಿತು. ಯಾರೋ ಬಂದರು. ಇಂಥ ಹೊತ್ತಿಗೇ ಬರಬೇಕೇ ಎಂದುಕೊಂಡು ಮೆಟ್ಟಿಲಿಳಿದು ಬುಡದ ಬಾಗಿಲು ತೆಗೆದಳು. ಯಾರು ಎಂದು ಕೇಳಿ ಕೈ ಚಾಚಿದಳು. ಯಾರೂ ಕೈ ಹಿಡಿಯಲಿಲ್ಲ. ಮೇಲೆ ಬಂದು ಮತ್ತೆ ಕೀಲಿ ಒತ್ತಿದಳು. ಮತ್ತೆ ಡಬ್ಬಿ ನಡುಗಿತು. ಮತ್ತೆ ಇಳಿದಳು. ಬಾಗಿಲಲ್ಲಿ ಬೆಳಗಿನ ತಂಗಾಳಿಯ ಹೊರತು ಯಾರೂ ಇಲ್ಲ. ಮೂರನೆಯ ಸಲ ಕೀಲಿ ಒತ್ತಿದ ಕೂಡಲೇ ಡಬ್ಬಿ ನಡುಗಿದಾಗ ಅವಳು ಏಳಲಿಲ್ಲ. ಗಂಟೆ ಒತ್ತುತ್ತಿರುವವರು ಯಾರೆಂದು ಹೊಳೆಯಿತು. ಅವಳ ಸ್ಕ್ರಿಪ್ಟೇ.

ಭಾವ ಮಾಡಿದ ಡಬ್ಬಿಯಲ್ಲೂ ಅದೇ ಕಾರ್ಖಾನೆಯ ಚಿಪ್ ಇತ್ತು. ಸ್ಕ್ರಿಪ್ಟು ಮೊದಲು ಅದನ್ನು ಕಂಡು, ಇದೇ ಪಟ್ಟಿ ಎಂದು ತಿಳಿದು ಕದ ತೆರೆಯುತ್ತಿತ್ತು. ಹಾಗೆ ತೆರೆದಾಗಲೆಲ್ಲ ಡಬ್ಬಿ ಹೊಸದಾಗಿ ಚಾಲೂ ಆಗಿ, ತಾನು ಬದುಕಿದ್ದೇನೆ ಎಂದು ನಡುಗುತ್ತಿತ್ತು. ಅವಳು ಒಬ್ಬಳೇ ಜೋರಾಗಿ ನಕ್ಕುಬಿಟ್ಟಳು. ಎಷ್ಟು ಜೋರಾಗಿತ್ತೋ ಅವಳಿಗೇ ತಿಳಿಯದು, ಕೆಳಗಿನಿಂದ ಮನೆಯೊಡತಿ ಓಡಿ ಬಂದು ಭುಜ ಮುಟ್ಟಿ, ಏನಾಯಿತು ಎಂದು ಬರೆದು ಕೇಳಿದರು. ಭಾವ ಕರೀತಿದಾರೆ ಎಂದು ಅವಳು ಉತ್ತರಿಸಿದ್ದು ಕೇಳಿ ತಾವು ಹೆದರಿದ್ದನ್ನು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡರು.

ಮನೆಯೊಡತಿ ಇಳಿದು ಹೋದ ಮೇಲೆ ಅವಳು ಡಬ್ಬಿಯ ತಂತಿ ತೆಗೆದಿಟ್ಟು ಕೀಲಿ ಒತ್ತಿದಳು. ಈಗ ಆ ಗುರುತಿನದು ಉಳಿದದ್ದು ಒಂದೇ. ತುಸು ತಡೆದು, ನುಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಚುಕ್ಕಿಗಳು ಎದ್ದವು. ಅವಳು ಓದಲಿಲ್ಲ. ಎದ್ದ ಚುಕ್ಕಿಗಳ ಮೇಲೆ ಬರಿದೇ ಕೈಯಾಡಿಸುತ್ತ ಕೂತಳು.

ಕಾರ್ಖಾನೆಯ ಗುರುತು ಮನೆತನದ ಹೆಸರಿನ ಹಾಗೆ, ಒಂದೇ ಹೆಸರಿನವರು ಹತ್ತು ಜನ ಇದ್ದಾರು. ಒಂದೊಂದು ಸಾಧನಕ್ಕೂ ಅದರದೇ ಕ್ರಮಸಂಖ್ಯೆಯೊಂದು ಒಳಗೆ ಬರೆದಿರುತ್ತದೆ ಎಂದು ಪಾಠದಲ್ಲಿತ್ತು. ಸ್ಕ್ರಿಪ್ಟು ಅದನ್ನೂ ತಾಳೆ ನೋಡುವಂತೆ ತಿದ್ದಿದಳು. ಕಂಪ್ಯೂಟರು ಏಳುವಾಗಲೇ ಅದು ಓಡಲಿ ಎಂದಿಟ್ಟಾಗ ಮತ್ತೊಂದು ತೊಡಕು ಬಂತು. ಪಟ್ಟಿ ಕಣ್ಣು ಬಿಡುವ ಮುಂಚೆಯೇ ಸ್ಕ್ರಿಪ್ಟು ಹುಡುಕಿ, ಇಲ್ಲವೆಂದು ಮಲಗಿಬಿಡುತ್ತಿತ್ತು. ಸಿಗುವವರೆಗೆ ಬಿಟ್ಟು ಬಿಟ್ಟು ಹುಡುಕುತ್ತಿರು ಎಂದು ಇನ್ನೊಂದು ಸಾಲು ಸೇರಿಸಿದಳು. ಆಮೇಲೆ ಡಬ್ಬಿಯನ್ನೂ ಅದರ ಕಿಂಡಿಗೆ ಚುಚ್ಚಿದಳು. ಎರಡೂ ತಮ್ಮ ಪಾಡಿಗೆ ಇದ್ದವು.

ಕಚೇರಿಯ ಕಂಪ್ಯೂಟರಿಗೂ ಅದನ್ನು ಹಾಕಿದಳು. ಕಸ ಗುಡಿಸುವವಳು ಎಲ್ಲಿ ಬೇಕಾದರೂ ಚುಚ್ಚಲಿ, ಚುಕ್ಕಿ ಏಳುತ್ತಿತ್ತು. ರೀಸ್ಟಾರ್ಟ್ ಒಂದು ಪ್ರತಿ ಕೇಳಿ ಪಡೆದು, ಬಾರ್‌ಕೋಡ್ ಯಂತ್ರಗಳಿಗೆ ಹೊಂದಿಸಿಕೊಂಡ. ಅದರ ನಂತರ ಅವನಿಗೆ ಅವಳ ಮೇಜಿನ ಬಳಿ ಬರುವ ಕೆಲಸವೇ ಇರಲಿಲ್ಲ. ಕೆಳಗಿನ ಮಗನನ್ನೂ ಕರೆಯಬೇಕಾಗಲಿಲ್ಲ. ಕೆಲವು ತಿಂಗಳ ಮೇಲೆ ಅವಳಿಗೆ ಇದು ಗಮನಕ್ಕೆ ಬಂತು. ಮೊದಲು ಪಟ್ಟಿ ಕೆಟ್ಟ ನೆಪದಲ್ಲಾದರೂ ಯಾರೋ ಒಬ್ಬರು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು, ಹೋಗುವಾಗ ಭುಜ ತಟ್ಟುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಅವಳು ಒಂದು ದಿನ ತಾನೇ ಎದ್ದು, ಗೋಡೆ ಹಿಡಿದು ರೀಸ್ಟಾರ್ಟನ ಕೋಣೆಗೆ ಹೋದಳು. ಏನು ಕೆಟ್ಟಿದೆ ಎಂದು ಅವನು ಬರೆದು ಕೇಳಿದ.

"ಏನೂ ಕೆಟ್ಟಿಲ್ಲಪ್ಪ. ಸುಮ್ನೆ ಬಂದೆ" ಎಂದಳು.

ಅವನು ಕುರ್ಚಿ ಎಳೆದು ಕೊಟ್ಟ. ಚಹಾ ತರಿಸಿ ಲೋಟವನ್ನು ಅವಳ ಕೈಗಿಟ್ಟ. ಚಹಾ ಕುಡಿದು ಎದ್ದು ಬಂದಳು. ಆಮೇಲೆ ಆಗಾಗ ಹೋಗುತ್ತಿದ್ದಳು.

ಅಕ್ಕ ಆ ಊರು ಬಿಟ್ಟು ಬರಲಿಲ್ಲ. ಬಾ ಎಂದರೆ, ಭಾವನ ರಿಪೇರಿ ಅಂಗಡಿ ಹೊಸಬರಿಗೆ ಕೊಟ್ಟಾಗಲಿ ಎಂದಳು. ಕೊಟ್ಟಾದ ಮೇಲೆ ಬೇರೆ ಏನೋ ಹೇಳಿದಳು. ಬರೆಯುವುದೂ ಕಡಿಮೆಯಾಯಿತು. ಸಂಜೆ ಮನೆಗೆ ಬಂದು ಪಟ್ಟಿ ಚುಚ್ಚಿದರೆ ಚುಕ್ಕಿಗಳು ತಪ್ಪದೆ ಏಳುತ್ತಿದ್ದವು, ಹೊಸ ಸಂದೇಶಗಳಿಲ್ಲ ಎಂದು ಹೇಳಲು. ಮೊದಲೆಲ್ಲ ಅಕ್ಕನೇ ಮಾತು ತೆಗೆಯುವವಳು, ಇವಳು ಉತ್ತರಿಸುವವಳು. ಈಗ ಇವಳೇ ಮೊದಲು ಬರೆಯತೊಡಗಿದಳು. ಒಂದು ಸಂಜೆ ಊಟ ಆಯ್ತಾ ಎಂದು ಕೇಳಿ, ಕೈ ಪಟ್ಟಿಯ ಮೇಲಿಟ್ಟು ಕಾದಳು. ಬಹಳ ಹೊತ್ತಾದ ಮೇಲೆ ಉತ್ತರ ಎದ್ದಿತು: "ಇಲ್ಲ. ಒಬ್ಬಳಿಗೆ ಅಂತ ಒಲೆ ಹಚ್ಚೋಕೆ ಬೇಜಾರು ಕಣೆ."

"ಈಗ ಹಚ್ಚು. ನಾನೂ ಹಚ್ತೀನಿ. ತಟ್ಟೆ ತಗೊಂಡು ಇಬ್ರೂ ಇಲ್ಲೇ ಕೂತು ಉಣ್ಣೋಣ" ಎಂದು ಬರೆದಳು ತಂಗಿ.

ಅಕ್ಕ ಏನು ಮಾಡಲಿ ಎಂದು ಕೇಳಿದಳು. ಅನ್ನ ಸಾರು ಸಾಕು ಎಂದು ಇವಳು ಬರೆದು, ಎದ್ದು ಅಕ್ಕಿಗೆ ನೀರಿಟ್ಟಳು.